ಉಗುರು ಇಳಿದ ಕಾಳು

ನಡಿಗೆಯ ಹನ್ನೊಂದನೆಯ ದಿನ. ಟಾರು ಕರಗಿ ಚಪ್ಪಲಿಗೆ ಅಂಟುವಷ್ಟು ಬಿಸಿಲು. ರಸ್ತೆಬದಿಯಲ್ಲಿ, ಲಾರಿ ತೂಗುವ ಕೆಲಸ ನಿಂತು ವರ್ಷಗಳೇ ಆಗಿದ್ದ ತಗಡಿನ ಮನೆಯೊಳಗೆ ಕ್ಯಾಂಟೀನಕ್ಕ ತನ್ನ ಅತ್ತೆಯ ತುಟಿಯನ್ನೇ ನೋಡುತ್ತ ಕೂತಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಬೆಳಗಿನಿಂದ ಮುದುಕಿ ಏಳು ಸಲ ವಾಂತಿ ಮಾಡಿಕೊಂಡಿದ್ದಳು. ಎಂಟನೆಯ ಸಲಕ್ಕೆ ಹೊರಗೆ ಬರುವುದಕ್ಕೆ ಒಳಗೆ ಏನೂ ಉಳಿದಿರಲಿಲ್ಲ.

ಅವರೆಲ್ಲ ಛತ್ರಿ ಕಾರ್ಖಾನೆಯವರು. ಹೋದ ವರ್ಷ ಕಾರ್ಖಾನೆಯ ಪ್ಯಾಕಿಂಗ್ ಕೋಣೆಗೆ ಬೆಂಕಿ ಬಿದ್ದಾಗ ಹತ್ತೊಂಬತ್ತು ಜನ ಒಳಗೇ ಉಳಿದರು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಕೆಲಸದ ಹೊತ್ತಿನಲ್ಲಿ ಯಾರೂ ಎದ್ದು ಹೋಗಬಾರದಲ್ಲ! ಕ್ಯಾಂಟೀನಕ್ಕನ ಗಂಡ ಆ ಹತ್ತೊಂಬತ್ತರಲ್ಲಿ ಒಬ್ಬ. ಅತ್ತೆಗೆ ಒಬ್ಬನೇ ಮಗ. ವಿಚಾರಣೆ ನಡೆಯಿತು, ವರದಿಯೂ ಆಯಿತು. ವರದಿ ರಾಜಧಾನಿಯ ಯಾವುದೋ ಬೀರುವಿನಲ್ಲಿ ಮಲಗಿತು. ಮಾಲೀಕರು ಗೇಟಿಗೆ ಒಂದು ಕಾಗದ ಅಂಟಿಸಿ ಕೈತೊಳೆದುಕೊಂಡರು: ‘ಆಕಸ್ಮಿಕ ಬೆಂಕಿಯಿಂದ ಸಾವು.’

ಆ ವರದಿಯನ್ನು ಹೊರಗೆ ತೆಗೆಸಲೆಂದೇ ಮೂವತ್ತೆಂಟು ಜನ, ಕಡ್ಡಿ ಮುರಿದದ್ದಕ್ಕೆ ಮಾರಾಟಕ್ಕಾಗದೆ ಉಳಿದ ಕಪ್ಪು ಛತ್ರಿಗಳನ್ನು ಹಿಡಿದು ರಾಜಧಾನಿಗೆ ನಡೆಯುತ್ತಿದ್ದರು. ಸಂಘದ ಕಾರ್ಯದರ್ಶಿಗೆ ಎಲ್ಲರೂ ಇಟ್ಟ ಹೆಸರು ಗಡಿಯಾರ. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವವನು. ವರದಿ ಹೊರಗೆ ಬರುವವರೆಗೆ ಬೆಂಕಿ ಮುಟ್ಟಿದ ಯಾವುದನ್ನೂ ಬಾಯಿಗೆ ಇಡುವುದಿಲ್ಲ ಎಂಬ ಪ್ರತಿಜ್ಞೆ ಅವನದೇ. ಅವನ ತಮ್ಮನೂ ಆ ಕೋಣೆಯಲ್ಲೇ ಹೋದವನು. ಮೊದಲ ದಿನವೇ ಜಗಳ. ಬ್ರೆಡ್ಡು ಒಲೆಯ ಮಗು, ಬೇಡ. ಬೆಲ್ಲ? ಅದೂ ಬೆಂದದ್ದೇ. ‘ಹಾಗಾದರೆ ಉಪ್ಪು? ಅದೂ ಬಿಸಿಲಲ್ಲಿ ಬೆಂದದ್ದೇ ಅಲ್ವೇನಪ್ಪಾ?’ ಎಂದು ಅತ್ತೆ ಕೇಳಿದ್ದಳು. ‘ಬಿಸಿಲು ಲೆಕ್ಕಕ್ಕಿಲ್ಲ ಅಮ್ಮಾ’ ಎಂದಿದ್ದ ಗಡಿಯಾರ. ‘ಲೆಕ್ಕಕ್ಕಿಲ್ವಾ? ನನ್ನ ನೆತ್ತಿ ಮುಟ್ಟಿ ಹೇಳು’ ಎಂದು ಮುದುಕಿ ಎಲ್ಲರನ್ನೂ ನಗಿಸಿದ್ದಳು.

ನಗಲಾಗದೆ ಇದ್ದವಳು ಕ್ಯಾಂಟೀನಕ್ಕ ಒಬ್ಬಳೇ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತು ವರ್ಷ ಉರಿಯನ್ನು ನಂಬಿ ಊಟ ಹಾಕಿದವಳು. ಹಳಸುತ್ತಿದೆ ಅನ್ನಿಸಿದರೆ ಇನ್ನೊಂದು ಕುದಿ, ಅನುಮಾನವಿದ್ದರೆ ಎರಡು ಕುದಿ. ಈಗ ಉರಿಯಿಲ್ಲ. ಬೆಳಿಗ್ಗೆ ಕೊಂಡ ಬಾಳೆಹಣ್ಣು ಹತ್ತು ಗಂಟೆಗೆ ಕಪ್ಪಾಗುತ್ತಿತ್ತು. ನೆನೆಸಿದ ಕಡಲೆಕಾಯಿ ಮಧ್ಯಾಹ್ನಕ್ಕೆ ಲೋಳೆ ಬಿಡುತ್ತಿತ್ತು. ಸೌತೆಕಾಯಿ, ಗಜ್ಜರಿ, ತೆಂಗಿನಕಾಯಿ ಹೋಳು ಒಂದೊಂದನ್ನೂ ಮೂಸಿ ನೋಡಿ, ತಾನು ಮೊದಲು ತಿಂದು, ಅರ್ಧ ಗಂಟೆ ತನ್ನ ಹೊಟ್ಟೆಯ ಸದ್ದು ಕೇಳಿಸಿಕೊಂಡು ಆಮೇಲೆ ಬಡಿಸುತ್ತಿದ್ದಳು. ಎದೆಯಲ್ಲಿ ಅವಲಕ್ಕಿ ಕುಟ್ಟುವುದು ನಿಂತ ಹೊತ್ತೇ ಇರಲಿಲ್ಲ.

ಹಿಂದಿನ ದಿನ ಒಂದು ಸಂತೆಯಲ್ಲಿ ಯಾರೋ ಪುಣ್ಯಾತ್ಮ ಒಂದು ಚೀಲ ದಪ್ಪ ಕೆಂಪು ರಾಜ್ಮಾ ಕಾಳು ಕೊಟ್ಟಿದ್ದ. ಕ್ಯಾಂಟೀನಿನಲ್ಲಿ ವಾರಕ್ಕೆರಡು ಸಲ ಅದನ್ನು ಬೇಯಿಸಿದವಳೇ ಅವಳು. ಡಬ್ಬದಲ್ಲಿ ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಕೈಗಾಡಿಯ ಮೇಲಿಟ್ಟಳು. ಬೆಳಿಗ್ಗೆ ಒಂದು ಕಾಳು ತೆಗೆದು ಉಗುರು ಒತ್ತಿದಳು. ಉಗುರು ಇಳಿಯಿತು. ಇಪ್ಪತ್ತು ವರ್ಷ ಅವಳ ತಕ್ಕಡಿ ಆ ಉಗುರೇ: ಇಳಿದರೆ ಬೆಂದಿತು, ಇಳಿಸು ಪಾತ್ರೆ. ನೀರೂ ಕಾಳನ್ನು ಮೆತ್ತಗೆ ಮಾಡುತ್ತದೆ, ಆದರೆ ಅದರೊಳಗಿನ ವಿಷ ಕುದಿಸದೆ ಹೋಗುವುದಿಲ್ಲ ಎಂಬುದು ಉಗುರಿಗೆ ಗೊತ್ತಿರಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ಅರ್ಧ ಗಂಟೆ ಕಾಯುವುದಕ್ಕೂ ಗಡಿಯಾರ ಬಿಡಲಿಲ್ಲ. ಎಲ್ಲರಿಗೂ ಒಂದೊಂದು ಹಿಡಿ ಕೊಟ್ಟಳು. ಹಲ್ಲಿಲ್ಲದ ಅತ್ತೆಗೆ ಮಾತ್ರ ಎರಡು ಹಿಡಿ. ತಾನೇ ಕಲ್ಲಿನ ಮೇಲೆ ನುಣ್ಣಗೆ ಜಜ್ಜಿ, ಉಪ್ಪು ಹಾಕಿ, ಬೆರಳಿನಿಂದ ಬಾಯಿಗಿಟ್ಟಳು.

ಎರಡು ಗಂಟೆ ಕಳೆಯುವುದರೊಳಗೆ ಅವಳೂ ಸೇರಿ ಹಾದಿಯುದ್ದಕ್ಕೂ ಜನ ಬಗ್ಗಿ ನಿಂತರು. ಗಟ್ಟಿಯಿದ್ದವರು ಕಕ್ಕಿ ಸುಧಾರಿಸಿಕೊಂಡರು. ಅತ್ತೆ ಏಳಲಿಲ್ಲ.

ಪಕ್ಕದ ಊರಿನಿಂದ ಸ್ಕೂಟರಿನಲ್ಲಿ ಬಂದ ನರ್ಸಮ್ಮ ಗೋಣಿ ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡಳು. ‘ಇದನ್ನ ಹಸಿ ತಿಂದ್ರಾ? ಯಾರ್ರೀ ನಿಮಗೆ ಅಡುಗೆಯವರು?’

ಕ್ಯಾಂಟೀನಕ್ಕ ಸುಮ್ಮನೆ ಕೈ ಎತ್ತಿದಳು.

ನರ್ಸಮ್ಮನ ದನಿ ತಗ್ಗಿತು. ‘ನೋಡಿ ಅಕ್ಕಾ. ಆಸ್ಪತ್ರೆ ಗಾಡಿ ಕೆಟ್ಟಿದೆ, ಬಂದರೆ ನಾಳೆ. ನನ್ನ ಹತ್ರ ಇದ್ದ ಉಪ್ಪು-ಸಕ್ಕರೆ ಪುಡಿ ಪೊಟ್ಟಣ ಕೊಟ್ಟಿದ್ದೀನಿ. ನೀರಲ್ಲಿ ಕಲಸಿ ಚಮಚದಲ್ಲಿ ಹಾಕ್ತಾ ಇರಿ. ಈ ಕಾಲುವೆ ನೀರು ಹಾಗೇ ಹಾಕಿದ್ರೆ ಮುಗೀತು. ಕುದಿಸಿ ಆರಿಸಿದ ನೀರೇ ಆಗ್ಬೇಕು. ಹೊತ್ತು ಮುಳುಗೋದ್ರೊಳಗೆ ಮೂತ್ರ ಹೋದ್ರೆ ಬದುಕಿದ್ರು ಅಂತ ತಿಳ್ಕೊಳ್ಳಿ.’ ಇನ್ನೊಂದು ಮನೆಯಲ್ಲಿ ಹೆರಿಗೆ ಇತ್ತು, ಅವಳು ಹೊರಟುಹೋದಳು.

ಕುದಿಸಿದ ನೀರು. ಗಡಿಯಾರ ಮಣಿಕಟ್ಟು ನೋಡಿಕೊಂಡ. ‘ಊರಿಂದ ಕುದಿಸಿ ತರಿಸೋಣ ಅಕ್ಕಾ.’

‘ಹೋಗಿ ಬರೋಕೆ ಎರಡೂವರೆ ಗಂಟೆ. ಬೇರೆಯವರ ಒಲೇದು ಬೆಂಕಿ ಅಲ್ವಾ?’

‘ನಾಳೆ ಪತ್ರಿಕೆಯವರು ಬರ್ತಾರೆ. ನಾವು ಒಲೆ ಹಚ್ಚಿದ ಸುದ್ದಿ ಸಿಕ್ಕಿದ್ರೆ ಸಾಕು, ಹೊಟ್ಟೆ ಕೇಳ್ದಾಗ ಪ್ರತಿಜ್ಞೆ ಬಿಟ್ರು ಅಂತ ಬರೀತಾರೆ. ಹನ್ನೊಂದು ದಿನ ನೀರಲ್ಲಿ ಹೋಮ. ನನ್ನ ತಮ್ಮ ಬೆಂಕಿಯಲ್ಲಿ ಹೋದವನು ಅಕ್ಕಾ. ನನಗೆ ಬೆಂಕಿಕಡ್ಡಿ ಸದ್ದು ಕೇಳಿದ್ರೂ...’

ಮಂಪರಿನಲ್ಲಿ ಮುದುಕಿ ಗೊಣಗಿದಳು: ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ... ನಿನ್ನ ಕಾಲ ಬಂತು ನೋಡೇ.’ ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ, ಕ್ಯಾಂಟೀನಕ್ಕನ ಎದೆಗೆ ಅದು ಮೊಳೆಯಂತೆ ಇಳಿಯಿತು. ಮಗನನ್ನು ಅವರು ಕೊಂದರು. ತಾಯಿಯನ್ನು ನಾನು, ಈ ಬೆರಳಿನಿಂದ.

ಎದ್ದಳು. ‘ಬೆಂಕಿ ಕೊಂದಿದ್ದು ಅಂತ ಬರೆದಿದ್ದು ಯಾರಣ್ಣಾ? ಮಾಲೀಕರು. ಹನ್ನೊಂದು ದಿನದಿಂದ ನಾವೂ ಅದನ್ನೇ ಹೇಳ್ಕೊಂಡು ನಡೀತಿದ್ದೀವಿ, ಒಲೆಯೇ ಕೊಲೆಗಾರ ಅನ್ನೋ ಹಾಗೆ. ನಾನು ಇಪ್ಪತ್ತು ವರ್ಷ ಬೆಂಕಿ ಮುಂದೆ ನಿಂತೋಳು. ಬಾಗಿಲು ತೆಗೆದಿದ್ರೆ ಬೆಂಕಿಯಿಂದ ಓಡಬಹುದು. ಬೀಗದಿಂದ ಎಲ್ಲಿಗೆ ಓಡ್ತೀಯ?’

ಆದರೆ ಬೆಂಕಿಪೊಟ್ಟಣ? ಮೊದಲ ದಿನವೇ ಎಲ್ಲರ ಜೇಬು ತಡವಿ ಕಿತ್ತುಕೊಂಡಾಗಿತ್ತು. ಕದ್ದು ಬೀಡಿ ಸೇದುವವನು ಒಬ್ಬನಿದ್ದಾನೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಸಾಲಿನ ಕೊನೆಯಲ್ಲಿ ಇಪ್ಪತ್ತು ಮಾರು ಬಿಟ್ಟು ನಡೆಯುವ ಗೇಟಿನ ಕಾವಲುಗಾರ. ಆ ದಿನ ಮೇಲಿನವರ ಮಾತಿಗೆ ಬೀಗ ಜಡಿದವನು ಅವನೇ. ಅವನ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಅವನ ಪಾಲನ್ನು ಕ್ಯಾಂಟೀನಕ್ಕ ಮುಖ ನೋಡದೆ ಒಂದು ಕಲ್ಲಿನ ಮೇಲಿಟ್ಟು ಬರುತ್ತಿದ್ದಳು.

ಅವನೆದುರು ಹೋಗಿ ಕೈಚಾಚಿದಳು. ‘ಕೊಡು.’

ಅವನು ಒಳಜೇಬಿನಿಂದ ಪೊಟ್ಟಣ ತೆಗೆದ. ‘ಬೀಗದ ಕೈಯೂ ಇದೇ ಜೇಬಲ್ಲಿತ್ತಮ್ಮ. ಮೇಲಿನವರ ಫೋನು ಬರಲಿ, ಹೇಳಿದ ಮೇಲೆ ತೆಗೀತೀನಿ ಅಂತ ಕಾಯ್ತಾ ನಿಂತಿದ್ದೆ.’

ಅವನ ಕೆನ್ನೆಗೆ ಬಾರಿಸಬೇಕೆಂದು ವರ್ಷದಿಂದ ಇಟ್ಟುಕೊಂಡಿದ್ದ ಕೈ ಅದು. ಆ ಕೈಗೆ ಈಗ ಬೇರೆ ಕೆಲಸವಿತ್ತು. ‘ಇದನ್ನ ರಾಜಧಾನಿಯಲ್ಲಿ ಹೇಳು. ಫೋನು ಯಾರದು ಅನ್ನೋದನ್ನೂ ಹೇಳು’ ಎಂದಷ್ಟೇ ಅಂದು ತಿರುಗಿದಳು.

ಕಾಳು ನೆನೆಸುವ ತಗಡಿನ ಡಬ್ಬಕ್ಕೆ ಬಟ್ಟೆಯಲ್ಲಿ ಸೋಸಿದ ನೀರು ತುಂಬಿದಳು. ಸುತ್ತ ಒಣ ಸೌದೆಯಿರಲಿಲ್ಲ. ಹಿಂದೆ ಪಟ್ ಎಂಬ ಸದ್ದು. ಗಡಿಯಾರ ತನ್ನ ಛತ್ರಿಯ ಮರದ ಹಿಡಿಯನ್ನು ಮೊಣಕಾಲಿಗೆ ಹಾಕಿ ಮುರಿದಿದ್ದ. ಮುಖವನ್ನು ಆ ಕಡೆ ತಿರುಗಿಸಿಕೊಂಡೇ ಚಾಚಿದ. ಆಮೇಲೆ ಇನ್ನೊಂದು ಪಟ್, ಮತ್ತೊಂದು. ಅವಳು ಕಡ್ಡಿ ಗೀರಿದಾಗ ಅವನು ಬೆಚ್ಚಿದ. ಆದರೂ ಅವನು ಎದ್ದು ಹೋಗಲಿಲ್ಲ.

ನೀರು ಕುದಿಯಿತು. ಅಗಲ ತಟ್ಟೆಯಲ್ಲಿ ಆರಿಸಿ ಪುಡಿ ಕಲಸಿದರು. ಒಂದು ಚಮಚ, ನೂರು ಎಣಿಸು, ಇನ್ನೊಂದು ಚಮಚ. ಮೊದಲನೆಯದು ತುಟಿಯ ಅಂಚಿನಿಂದ ಹೊರಗೆ ಹರಿಯಿತು. ನಾಲ್ಕನೆಯದು ಒಳಗಿಳಿಯಿತು. ನೆರಳು ತಗಡಿನ ಗೋಡೆ ದಾಟಿ ರಸ್ತೆಗೆ ಬಂತು. ಸೂರ್ಯ ಮರದ ತುದಿಗೆ ಇಳಿದ, ಕೊಂಬೆಗೆ ಇಳಿದ. ಗಡಿಯಾರ ಒಮ್ಮೆಯೂ ಮಣಿಕಟ್ಟು ನೋಡಲಿಲ್ಲ. ಎಲ್ಲರೂ ನೋಡುತ್ತಿದ್ದುದು ಆ ಸೂರ್ಯನನ್ನೇ. ಕ್ಯಾಂಟೀನಕ್ಕ ಅತ್ತೆಯ ಸೀರೆ ತಡವಿ ನೋಡುತ್ತಿದ್ದಳು. ಒಣಗಿತ್ತು. ಮತ್ತೆ ನೋಡಿದಳು. ಒಣಗಿತ್ತು.

‘ಏನೇ ಅದು, ಬೆಕ್ಕು ಹಾಲಿನ ಪಾತ್ರೆ ನೋಡೋ ಹಾಗೆ ನೋಡ್ತೀಯ?’ ಮುದುಕಿಯ ಕಣ್ಣು ಅರ್ಧ ತೆರೆದಿತ್ತು. ‘ಎಬ್ಬಿಸೇ ನನ್ನ. ಅವಸರ ಆಗಿದೆ.’

‘ಅತ್ತೇ... ಇಲ್ಲೇ ಆಗಲಿ, ಪರವಾಗಿಲ್ಲ...’

‘ಮೂವತ್ತಾರು ಜನರ ಎದುರಿಗಾ? ಮಾನ ಮರ್ಯಾದೆ ಇಲ್ವಾ ನಿನಗೆ?’

ಕ್ಯಾಂಟೀನಕ್ಕ ಅವಳನ್ನು ಎತ್ತಿ ಮನೆಯ ಹೊರಗೆ ತಂದಳು. ಯಾರೂ ಹೇಳಬೇಕಾಗಲಿಲ್ಲ. ಎಲ್ಲರೂ ರಸ್ತೆಯ ಕಡೆ ತಿರುಗಿ, ಉಳಿದ ಛತ್ರಿಗಳನ್ನೆಲ್ಲ ಬಿಚ್ಚಿ ಬೆನ್ನ ಹಿಂದೆ ಗೋಡೆಯಾಗಿ ಹಿಡಿದರು. ಸಾಲಿನ ಕೊನೆಯಲ್ಲಿ ಒಂದು ಛತ್ರಿಯಷ್ಟು ಜಾಗ ಬಿರುಕಾಗಿ ಉಳಿದಿತ್ತು. ಕಾವಲುಗಾರ ಹಿಂಜರಿಯುತ್ತ ಬಂದು ತನ್ನದನ್ನು ಅಲ್ಲಿ ಹಿಡಿದ. ಅವನನ್ನು ಯಾರೂ ಅತ್ತ ಹೋಗು ಎನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ.

ಛತ್ರಿಗಳ ಹಿಂದೆ, ಅತ್ತೆಯ ಎರಡೂ ಕಂಕುಳಿಗೆ ಕೈಕೊಟ್ಟು ಕೂತ ಕ್ಯಾಂಟೀನಕ್ಕ ಕಿವಿಗೊಟ್ಟಳು. ಮೊದಲು ಏನೂ ಇಲ್ಲ. ಆಮೇಲೆ ಒಣಮಣ್ಣಿನ ಮೇಲೆ ಸಣ್ಣ ಸದ್ದು. ಅವಳು ಅತ್ತೆಯ ಬೆನ್ನಿಗೆ ಹಣೆ ಒತ್ತಿ ಅತ್ತಳು.

ಸ್ವಲ್ಪ ಹೊತ್ತಿಗೆ ಯಾರೋ ಮಸಿ ಹಿಡಿದ ಡಬ್ಬವನ್ನು ಉಜ್ಜಲು ಕಾಲುವೆಯ ಕಡೆ ಹೊರಟರು. ಗಡಿಯಾರ ತಡೆದ.

‘ಹಾಗೇ ಇರಲಿ. ನಾಳೆ ಪತ್ರಿಕೆಯವರಿಗೆ ಮೊದಲು ಅದನ್ನೇ ತೋರಿಸೋಣ. ಆಮೇಲೆ ಬೀಗದ ಮಾತು.’