ದಾರಿಹೋಕರ ಕಿಟಕಿ

ಹೊನ್ನಾವರದ ಬಂದರ ರಸ್ತೆಯಲ್ಲಿ ಮಾಬ್ಲೇಶ್ವರ ನಾಯ್ಕರು ಹೊಸ ಮನೆ ಕಟ್ಟಿಸಲು ಹೊರಟಾಗ ಅವರ ಹೆಂಡತಿ ಹೊನ್ನಮ್ಮ ಕೇಳಿದ್ದು ಒಂದೇ ಒಂದು. ಬಳೆ ಕೇಳಲಿಲ್ಲ, ತೂಗುಮಂಚ ಕೇಳಲಿಲ್ಲ, ಅಡುಗೆಮನೆಯ ಗೋಡೆಗೆ ಒಂದು ಕಿಟಕಿ ಕೇಳಿದಳು. ಅಂದರೆ ಒಂದು ತೂತು. ಇಡೀ ಮನೆಯಲ್ಲಿ ಕಲ್ಲೂ ಬೇಡದ, ಸುಣ್ಣವೂ ಬೇಡದ ವಸ್ತು ಅದೊಂದೇ. ಅದಕ್ಕೇ ಇಷ್ಟು ದೊಡ್ಡ ರಾಮಾಯಣ ಆಯಿತು ನೋಡಿ.

ಹಳೇ ಮನೆಯ ಅಡುಗೆಕೋಣೆಗೆ ಬೆಳಕು ಬರುತ್ತಿದ್ದುದು ಬಾಗಿಲಿನಿಂದ. ಹೊಗೆ ಹೋಗುತ್ತಿದ್ದುದೂ ಅದೇ ಬಾಗಿಲಿನಿಂದ, ಅದೂ ಅದಕ್ಕೆ ಮನಸ್ಸು ಬಂದಾಗ. ಅತ್ತೆ ತಿಮ್ಮಕ್ಕ ಆ ಕೋಣೆಯಲ್ಲಿ ಒಂದು ಜನ್ಮವಿಡೀ ಬೇಯಿಸಿ ಹಾಕಿ ಎರಡೂ ಕಣ್ಣು ಕಳೆದುಕೊಂಡಿದ್ದಳು. ವಯಸ್ಸಾಯಿತು ಎಂದರು ಕೆಲವರು, ನಾಗನ ದೋಷ ಎಂದರು ಕೆಲವರು. ಒಲೆಯ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಈಚೆಗೆ ಹೊನ್ನಮ್ಮನಿಗೂ ಸಂಜೆಯಾದರೆ ದೀಪದ ಸುತ್ತ ಬಣ್ಣದ ಬಳೆಯೊಂದು ಕಾಣತೊಡಗಿತ್ತು. ತನಗೂ ಹೀಗೆಯೇ ಶುರುವಾಗಿದ್ದು ಎಂದು ಅತ್ತೆ ಯಾವಾಗಲೋ ಹೇಳಿದ್ದು ಅವಳಿಗೆ ನೆನಪಿತ್ತು.

“ಹೊಸ ಮನೇಲಿ ಅಡುಗೆಮನೆಗೊಂದು ಕಿಡಕಿ ಇಡಿಸಿ. ಹೊಗೆ ಹೋಗೂಕೆ ಒಂದು ದಾರಿ ಬೇಕು. ನಂಗೆ ಕಣ್ಣು ಬೇಕು,” ಎಂದಳು ಗಂಡನ ಊಟದ ಹೊತ್ತಿಗೆ.

“ಆತು,” ಎಂದರು ನಾಯ್ಕರು, ಮಜ್ಜಿಗೆ ಸುರಿಯುತ್ತ.

ಈ ‘ಆತು’ ನಮ್ಮ ಕಡೆಯವರ ದೊಡ್ಡ ಆಸ್ತಿ. ಕೆಲಸ ಮುಗಿದಿದ್ದರೂ ಆತು, ಮಾಡೋಣ ಎಂದರೂ ಆತು, ಕೇಳಿಸಿತು ಮಾರಾಯ್ತಿ ಇನ್ನು ಬಾಯಿ ಮುಚ್ಚು ಎಂದರೂ ಆತು. ಯಾವ ಆತು ಎಂಬುದು ಕೆಲವು ಸಲ ಹೇಳಿದವನಿಗೂ ಆಮೇಲೆಯೇ ಗೊತ್ತಾಗುವುದು. ಹೊನ್ನಮ್ಮ ಇಷ್ಟು ವರ್ಷ ಸಂಸಾರ ಮಾಡಿದವಳು, ತಿಳಿಯದವಳಲ್ಲ. ಆದರೂ ಆಸೆ ಎನ್ನುವುದು ಮನುಷ್ಯರನ್ನು ಹೇಗೆ ಬೆಪ್ಪು ಮಾಡುತ್ತದೆ ನೋಡಿ, ಅವಳು ಅದನ್ನು ಮೊದಲನೆಯ ಲೆಕ್ಕಕ್ಕೇ ಹಿಡಿದುಕೊಂಡು ಖುಷಿಪಟ್ಟಳು.

ಜರ್ಮನಿಯ ಲಡಾಯಿ ಮುಗಿದ ಮರುವರ್ಷ ಅದು. ಲಡಾಯಿಯಲ್ಲಿ ಬೇರೆಯವರೆಲ್ಲ ಚಿಮಣಿ ಎಣ್ಣೆಗೆ ಪರದಾಡುತ್ತಿದ್ದರೆ ನಾಯ್ಕರು ಮುಂಬೈಗೆ ತೆಂಗಿನ ನಾರಿನ ಕತ್ತದ ಹಗ್ಗ ಸಾಗಿಸಿ ಮೇಲೆ ಬಂದಿದ್ದರು. ಹಗ್ಗದ ಜೊತೆ ತಾವೂ ಒಮ್ಮೆ ಮುಂಬೈಗೆ ಹೋಗಿ, ಸಮುದ್ರದ ದಂಡೆಯಲ್ಲಿ ಹಡಗಿನ ಹಾಗೆ ಮೂಲೆ ದುಂಡಗೆ ಮಾಡಿ ನಿಂತ ಮನೆಗಳನ್ನು ನೋಡಿ ಬಂದಮೇಲೆ ಅವರಿಗೆ ಊರಿನ ಯಾವ ಮನೆಯೂ ಮನೆಯಾಗಿ ಕಾಣಲಿಲ್ಲ. ಅಲ್ಲಿಂದಲೇ ಆಪ್ಟೆ ಎಂಬ ಇಂಜಿನಿಯರರನ್ನು ಗೊತ್ತುಮಾಡಿದರು. ಆ ಮನುಷ್ಯ ಹುಬ್ಬಳ್ಳಿಯವರೆಗೆ ರೈಲಿನಲ್ಲಿ, ಅಲ್ಲಿಂದ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಘಟ್ಟ ಇಳಿದು, ಮುಖವೆಲ್ಲ ಮಸಿ ಮಾಡಿಕೊಂಡು, ಉದ್ದನೆಯ ನಕಾಶೆಯ ಸುರುಳಿಯೊಂದನ್ನು ಮಗುವಿನ ಹಾಗೆ ಅಪ್ಪಿಕೊಂಡು ಬಂದರು. ಊರವರು ಅವರನ್ನು ‘ನಕಾಶೆ ಸಾಹೇಬರು’ ಎಂದು ಕರೆದರು. ಕಟ್ಟುವ ಗುತ್ತಿಗೆ ಭಟ್ಕಳದ ಲಿಂಗಪ್ಪನದು. ಮೊದಲು ಗಾರೆ ಕೆಲಸ ಮಾಡುತ್ತಿದ್ದವನು ಈಗ ಗುತ್ತಿಗೆದಾರನಾಗಿ, ಕರಣೆ ಬಿಟ್ಟು ಕೊಡೆ ಹಿಡಿದಿದ್ದ.

ತೊಂದರೆ ಶುರುವಾದದ್ದು ನಕಾಶೆ ಬಿಚ್ಚಿದ ದಿನ. ಅಡುಗೆಮನೆ ಅಗ್ನಿಮೂಲೆಯಲ್ಲೇ ಇರಬೇಕು ಎಂದು ತಿಮ್ಮಕ್ಕ ಹಟ ಹಿಡಿದಿದ್ದಳಷ್ಟೆ? ಮನೆ ರಸ್ತೆಗೆ, ಅಂದರೆ ಪೂರ್ವಕ್ಕೆ ಮುಖ. ಹಾಗಾಗಿ ಅಡುಗೆಮನೆ ರಸ್ತೆಯ ಮಗ್ಗುಲಿಗೇ ಬಂದು ಕೂತಿತು. ನಕಾಶೆಯಲ್ಲಿ ಮುಂಬಾಗಿಲಿನ ಎಡಕ್ಕೊಂದು, ಬಲಕ್ಕೊಂದು, ಅವಳಿ ಮಕ್ಕಳ ಹಾಗೆ ಎರಡು ಕಿಟಕಿ. ಒಂದು ನಾಯ್ಕರ ಕಚೇರಿ ಕೋಣೆಯದು, ಇನ್ನೊಂದು ಅಡುಗೆಮನೆಯದು. ಬಾಗಿಲ ಮರೆಯಲ್ಲಿ ನಿಂತಿದ್ದ ಹೊನ್ನಮ್ಮನಿಗೆ ಕಾಗದದ ಮೇಲಿನ ಆ ಚೌಕ ಕಂಡು ಕಣ್ಣು ತುಂಬಿ ಬಂತು. ಹೊಗೆಯಿಲ್ಲದೆ ಕಣ್ಣಲ್ಲಿ ನೀರು ಬಂದು ಎಷ್ಟು ಕಾಲವಾಗಿತ್ತೋ.

“ರಸ್ತೆಮೇಲೆ ಹೋಗೂ ಕಂಡಕಂಡವರ ಕಣ್ಣು ನಮ್ಮ ಅನ್ನದ ಮೇಲೆ ಬೀಳೂದಾ?” ಎಂದು ಅಬ್ಬರಿಸಿದಳು ತಿಮ್ಮಕ್ಕ. “ದೃಷ್ಟಿ ತಾಗಿದ್ರೆ ಯಾರು ತೆಗೀತ್ರು? ಅಡುಗೆಮನೆಗೆ ಕಿಡಕಿ ಇಟ್ರೆ ನಾನು ಆ ಮನೆಗೆ ಬರೂದಿಲ್ಲ. ಆತಾ?”

ಕಣ್ಣಿಲ್ಲದವಳಿಗೆ ಕಂಡವರ ಕಣ್ಣಿನದೇ ಹೆದರಿಕೆ! ಹೇಳುವವರು ಯಾರು? “ಆತು ಆಯಿ,” ಎಂದರು ನಾಯ್ಕರು.

ನಕಾಶೆ ಸಾಹೇಬರು ಮರಾಠಿಯಲ್ಲಿ ಹಾರಾಡಿದರು. ಒಂದು ಕಿಟಕಿ ತೆಗೆದರೆ ಮನೆ ಒಕ್ಕಣ್ಣನಾಗುತ್ತದೆ, ರಸ್ತೆಯಲ್ಲಿ ಹೋಗುವವರು ನಗುತ್ತಾರೆ, ತಮ್ಮ ಹೆಸರು ಹಾಳಾಗುತ್ತದೆ ಎಂದರು. ರಸ್ತೆಯವರು ನಗುತ್ತಾರೆ ಎಂದದ್ದೇ ನಾಯ್ಕರ ಮುಖ ಇಳಿಯಿತು. ಅವರಿಗೂ “ಆತು” ಎಂದರು. ಸಾಹೇಬರು ಊರಿಗೆ ಬಂದು ಕಲಿತ ಕನ್ನಡ ಶಬ್ದ ಅದೊಂದೇ, ಅದರಲ್ಲೂ ‘ಕೆಲಸ ಮುಗಿಯಿತು’ ಎಂಬ ಅರ್ಥ ಮಾತ್ರ. ತಕ್ಷಣ ಸಮಾಧಾನವಾಗಿ ನಕಾಶೆ ಸುತ್ತಿದರು. ಕೊನೆಗೆ ನಾಯ್ಕರು ಲಿಂಗಪ್ಪನನ್ನು ಮೂಲೆಗೆ ಕರೆದು ಏನೋ ಗುಸುಗುಸು ಹೇಳಿದರು. “ಆತು ನಾಯ್ಕರೇ, ಅದಕ್ಕೆಂತ?” ಎಂದ ಅವನು.

ಹೊನ್ನಮ್ಮನಿಗೆ ಜೀವ ತಡೆಯಲಿಲ್ಲ. ಲಿಂಗಪ್ಪ ಚಪ್ಪಲಿ ಮೆಟ್ಟಿಕೊಳ್ಳುವಾಗ ಹಿತ್ತಲಿಂದ ಸುತ್ತಿಬಂದು ನಿಂತಳು.

“ಲಿಂಗಪ್ಪ, ಅವರಿವರು ಎಂತ ಬೇಕಾರೂ ಹೇಳ್ಲಿ. ನನ್ನ ಕಿಡಕಿ ಬಿಡಬೇಡ ಮಾರಾಯ.”

“ಆತು ಅಮ್ಮ. ಕಿಡಕಿ ಕೂರಿಸೂದೇಯ. ದೇವರಾಣೆ!”

ಕೆಲಸ ನಡೆಯುವಷ್ಟು ಕಾಲ ಮನೆಯವರೆಲ್ಲ ಬಂದರಿನಲ್ಲಿ ಹಗ್ಗ ತುಂಬಿಡುವ ವಖಾರಿಯಲ್ಲಿ ಬಿಡಾರ ಹೂಡಿದರು. ಒಲೆ ಹೂಡುವ ದಿನದವರೆಗೆ ಮನೆಯೊಡತಿ ಹೊಸ ಅಡುಗೆಮನೆಗೆ ಕಾಲಿಡಬಾರದು ಎಂದು ಅತ್ತೆಯ ಕಟ್ಟಪ್ಪಣೆ. ಹಾಗಾಗಿ ಹೊನ್ನಮ್ಮ ನೋಡುತ್ತಿದ್ದುದು ರಸ್ತೆಯಿಂದ. ಚಿರೆಕಲ್ಲಿನ ಗೋಡೆ ಎದ್ದಿತು. ಅಗ್ನಿಮೂಲೆಯಲ್ಲಿ ಸಾಗವಾನಿಯ ಚೌಕಟ್ಟು ಕೂತಿತು. ಅದರ ಮೇಲೆ ಕೆಂಪು ಹಸಿರು ಗಾಜು, ಅದಕ್ಕೂ ಮೇಲೆ ಹಡಗಿನ ಮೂತಿಯ ಹಾಗೆ ಬಾಗಿದ ಸಿಮೆಂಟಿನ ಛಜ್ಜ. ದೇವರೇ, ಅದೆಂಥ ಕಿಟಕಿ! ಕಚೇರಿ ಕೋಣೆಯದಕ್ಕೂ ಇದಕ್ಕೂ ಕೂದಲಷ್ಟು ವ್ಯತ್ಯಾಸವಿಲ್ಲ. ಕಿಟಕಿಯ ಬಾಗಿಲು ಮಾತ್ರ ಸದಾ ಮುಚ್ಚಿಕೊಂಡಿರುತ್ತಿತ್ತು. ಕೇಳಿದರೆ ಲಿಂಗಪ್ಪ, “ಬಣ್ಣ ಹಸಿ ಅದೆ ಅಮ್ಮ,” ಎನ್ನುತ್ತಿದ್ದ. ಮಳೆಗಾಲ ಕಳೆದು ಚಳಿಗಾಲ ಬಂದರೂ ಒಣಗದ ಬಣ್ಣ ಯಾವುದಪ್ಪ ಎಂದು ಅವಳಿಗೆ ಹೊಳೆಯಲಿಲ್ಲ. ಹೊಳೆಯುವುದು ಬೇಡವಾಗಿತ್ತು ಎಂದೇ ಹೇಳಿ.

ಮಾವಿನಕುರ್ವೆಯಿಂದ ಮೀನಿನ ಬುಟ್ಟಿ ಹೊತ್ತು ಬರುವ ಗಂಗಿಯ ಹತ್ತಿರ ಆಗಲೇ ಹೇಳಿಯೂ ಆಗಿತ್ತು. “ಇನ್ನು ನೀನು ಗಂಟ್ಲು ಹರಕಣೂದು ಬೇಡ ಗಂಗಿ. ನಾನು ಕಿಡಕಿಂದಲೇ ನಿನ್ನ ಕಾಣ್ತೆ.”

“ಸಾವ್ಕಾರ್ತಿ ಆದ್ರಿ ಬಿಡಿ!” ಎಂದು ಗಂಗಿ ನಕ್ಕಳು.

ಹೊಸಮನೆ ಹೊಗುವ ದಿನ ಬಂತು. ಮನೆಯ ಮುಂದೆ ರಸ್ತೆಯವರೆಗೆ ಚಪ್ಪರ. ಕುಮಟೆಯಿಂದ, ಕಾಯ್ಕಿಣಿಯಿಂದ ನೆಂಟರು. ಎಲ್ಲರಿಗಿಂತ ಮೇಲೆ, ಖುದ್ದು ತಾಲೂಕಿನ ಮಾಮಲೇದಾರರು. ನಾಯ್ಕರು ಅವರ ಕೈ ಹಿಡಿದು ಚಪ್ಪರದ ತುದಿಗೆ ಕರೆದುಕೊಂಡು ಹೋಗಿ ಎರಡೂ ಕಿಟಕಿಗಳನ್ನು ತೋರಿಸಿದರು. “ಮುಂಬೈಲಿ ಸುದ್ದಾ ಇಂಥದ್ದು ಕಮ್ಮಿ,” ಎಂದರು ಮಾಮಲೇದಾರರು. ನಾಯ್ಕರು ಉಬ್ಬಿಹೋದರು.

ಹೊನ್ನಮ್ಮ ತುಂಬಿದ ಕೊಡ ಹೊತ್ತು, ಬಲಗಾಲಿಟ್ಟು ಅಡುಗೆಮನೆ ಹೊಕ್ಕಳು. ಒಳಗೆ ಕತ್ತಲು. ಕಿಟಕಿಯ ಬಾಗಿಲು ಮುಚ್ಚಿರಬೇಕು, ತೆರೆದರಾಯಿತು ಎಂದು ಕೊಡ ಇಳಿಸಿ ರಸ್ತೆಯ ಮಗ್ಗುಲಿಗೆ ಹೋದಳು. ಕೈಗೆ ಬಾಗಿಲು ಸಿಗಲಿಲ್ಲ, ಅಗಳಿ ಸಿಗಲಿಲ್ಲ. ಆ ತುದಿಯಿಂದ ಈ ತುದಿಗೆ ಗೋಡೆ ಸವರಿದಳು, ಅತ್ತೆ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತಾಳಲ್ಲ ಹಾಗೆ. ನುಣ್ಣಗೆ ಸುಣ್ಣ ಬಳಿದ, ಲಕ್ಷಣವಾದ ಗೋಡೆ.

ಅಡುಗೆಮನೆಯ ಬಾಗಿಲಲ್ಲಿ ನಾಯ್ಕರು ನಿಂತಿದ್ದರು.

“ಕಿಡಕಿ ಎಲ್ಲದೆ?” ಎಂದಳು.

“ಹೊರಗೆ ಅದೆಯಲ್ಲೇ, ನೋಡ್ಲಿಲ್ವಾ? ಎಲ್ರೂ ಹೊಗಳ್ತಾ ಇದ್ರು.”

“ಒಳಗೆ?”

“ಒಳಗೆ ಗೋಡೆ. ಆಯಿ ಬೇಡ ಅಂದಿದ್ದು ಕೇಳಿದ್ಯಲ್ಲ? ಸಾಹೇಬರು ಬೇಕೇ ಬೇಕು ಅಂದ್ರು. ಇಬ್ಬರ ಮಾತೂ ನಡೀತು.” ನಾಯ್ಕರು ತಮ್ಮ ಬುದ್ಧಿಗೆ ತಾವೇ ನಕ್ಕರು. “ನೀನೂ ಕಿಡಕಿ ಬೇಕು ಅಂದೆ, ಕಿಡಕಿ ಆತು. ಒಳಗಿಂದ ತೆಗೆಯೂಕೆ ಬೇಕು ಅಂದಿದ್ಯಾ?”

ಇಷ್ಟು ಹೇಳಿ ಮಾಮಲೇದಾರರನ್ನು ನೋಡಿಕೊಳ್ಳಲು ಹೋಗಿಬಿಟ್ಟರು. ಹೊನ್ನಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಲೆ ಹೊತ್ತಿಸಿದಳು. ಹಸಿ ಕಟ್ಟಿಗೆ. ಹೊಗೆ ಎದ್ದು ಹೊಸ ಸುಣ್ಣದ ಗೋಡೆಗೆ ಬಡಿದು, ದಾರಿ ಕಾಣದೆ ತಿರುಗಿ ಅವಳ ಮುಖಕ್ಕೇ ಬಂತು. ಹಾಲು ಉಕ್ಕಿಸಿದಳು, ಅನ್ನಕ್ಕಿಟ್ಟಳು. ಮೂಲೆಯಲ್ಲಿ ಮಣೆ ಹಾಕಿ ಕೂತಿದ್ದ ತಿಮ್ಮಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮುತ್ತಿದ್ದಳು.

ಉಳಿದ ಅಡುಗೆಯನ್ನು ಹಿತ್ತಲಲ್ಲಿ ಭಟ್ಟರು ಮಾಡಿದ್ದರು. ಆದರೆ ಹೊಸ ಒಲೆಯ ಮೊದಲ ಅನ್ನ ಮನೆಯೊಡತಿಯ ಕೈಯಿಂದಲೇ ಎಲೆಗೆ ಬೀಳಬೇಕು. ಅದು ಬೀಳದೆ ಯಾರೂ ಎಲೆಗೆ ಕೈ ಹಾಕುವ ಹಾಗಿಲ್ಲ. ಇದೂ ಆ ಮನೆಯ ಪದ್ಧತಿಯೇ. ಪದ್ಧತಿ ಎಂದಮೇಲೆ ಎಲ್ಲವೂ ಪದ್ಧತಿಯೇ ತಾನೇ?

ಚಪ್ಪರದಲ್ಲಿ ಪಂಕ್ತಿ ಕೂತಿತು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಂದವು.

“ಅನ್ನ ಆತಾ?” ಎಂದು ನಾಯ್ಕರು ಅಂಗಳದಿಂದ ಕೂಗಿದರು.

“ಆತು,” ಎಂದಿತು ಒಳಗಿನಿಂದ ಹೊನ್ನಮ್ಮನ ದನಿ.

ಎಲ್ಲರೂ ನೆಟ್ಟಗೆ ಕೂತರು. ಅನ್ನ ಬರಲಿಲ್ಲ. ಮಾಮಲೇದಾರರು ಎಲೆಯ ತುದಿಗೆ ನೀರು ಚಿಮುಕಿಸಿದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಚಿಮುಕಿಸಿದರು.

“ಆತನೇ?”

“ಆತು, ಆತು.”

ನಕಾಶೆ ಸಾಹೇಬರು ತಮಗೆ ತಿಳಿದ ಶಬ್ದ ಕೇಳಿ ತಲೆಯಾಡಿಸಿ ಸಿದ್ಧರಾದರು. ಆಗಲೂ ಅನ್ನ ಬರಲಿಲ್ಲ. ಕಾಯ್ಕಿಣಿಯ ನೆಂಟರು ಮುಖ ಮುಖ ನೋಡಿಕೊಳ್ಳತೊಡಗಿದಾಗ ನಾಯ್ಕರು ಒಳಗೋಡಿದರು. ಅನ್ನ ಬೆಂದು, ಗಂಜಿ ಬಸಿದು, ಬಾಳೆಲೆ ಮುಚ್ಚಿ ಇಟ್ಟಿತ್ತು. ಹೊನ್ನಮ್ಮ ಅದರ ಪಕ್ಕ ಮಣೆ ಹಾಕಿಕೊಂಡು ಕೈಕಟ್ಟಿ ಕೂತಿದ್ದಳು.

“ಆತು ಅಂದೆಯಲ್ಲೇ!”

“ಆತು. ಕಾಣೂದಿಲ್ವಾ? ಬಡಿಸ್ತೆ ಅಂದಿದ್ನಾ ನಾನು?”

ನಾಯ್ಕರು ಒಮ್ಮೆ ಅನ್ನದ ಕಡೆ, ಒಮ್ಮೆ ಅವಳ ಕಡೆ ನೋಡಿದರು. ತಮ್ಮದೇ ಮಾತು ತಿರುಗಿ ಬಂದಾಗ ಗುರುತು ಹಿಡಿಯಲು ಕೊಂಚ ಹೊತ್ತು ಬೇಕಾಗುತ್ತದೆ.

“ಮಾಮಲೇದಾರರು ಕೂತಾರೆ! ನನ್ನ ಮಾನ ತೆಗೀಬೇಡ ಮಾರಾಯ್ತಿ!”

“ಮಾನ ಹೊರಗೆ ಅದೆಯಲ್ಲ, ಬಣ್ಣದ ಗಾಜು ಹಾಕ್ಸಿ ಇಟ್ಟೀರಿ,” ಎಂದಳು ಹೊನ್ನಮ್ಮ. ಕಟ್ಟಿದ ಕೈ ಬಿಚ್ಚಲಿಲ್ಲ. “ನಂಗೆ ಕಣ್ಣು ಹೋಗ್ತಾ ಅದೆ. ದೀಪ ನೋಡಿದ್ರೆ ಬಳೆ ಕಾಣ್ತದೆ. ಈ ಗೋಡೆ ತೆಗೆಸಿ, ಬಡಿಸ್ತೆ. ಇಲ್ಲದಿದ್ರೆ ನೆಂಟರಿಗೆ ಕಿಡಕಿ ತೋರ್ಸಿ ಕಳ್ಸಿ, ಹೊಟ್ಟೆ ತುಂಬ್ತದೆ.”

“ಶುಭದಿನ ಗೋಡೆ ಒಡೆಯೂದಾ? ಆಯಿ, ನೀನಾರೂ ಹೇಳೇ!”

ತಿಮ್ಮಕ್ಕ ಏನೋ ಹೇಳಲು ಬಾಯಿ ತೆರೆದಳು. ದೀಪದ ಬಳೆಯ ಮಾತು ಅವಳ ಕಿವಿಗೆ ಬಿದ್ದಿತ್ತು. ಕೆಮ್ಮಿದಳು. ಮಗನಿಗೆ ಬೆನ್ನು ಹಾಕಿದಳು.

ನಾಯ್ಕರು ಲಿಂಗಪ್ಪನನ್ನು ಪಂಕ್ತಿಯಿಂದಲೇ ಎಬ್ಬಿಸಿ ತಂದರು. ಅವನು ಪಂಚೆ ಎತ್ತಿ ಕಟ್ಟಿ, ಗೋಡೆಯ ನಡುವೆ ಹಾರೆ ಹಾಕಿ ಒಮ್ಮೆ ಮೀಟಿದ್ದೇ ತಡ, ಕಲ್ಲು ಒಂದೊಂದೇ ಕಳಚಿಕೊಂಡು ಕೆಳಗೆ ಬಂದವು. ನಾಯ್ಕರು ಹೌಹಾರಿದರು. “ಇದೆಂತದೋ! ಕಲ್ಲಿನ ನಡು ಸುಣ್ಣವೇ ಹಾಕ್ಲಿಲ್ವನಾ?”

“ಬರೀ ಮಣ್ಣಲ್ಲಿ ಕಟ್ಟಿದ್ದು ನಾಯ್ಕರೇ,” ಎಂದ ಲಿಂಗಪ್ಪ, ನಾಚಿಕೆ ಮಾನ ಒಂದೂ ಇಲ್ಲದೆ. “ಅಮ್ಮಂಗೂ ಆತು ಅಂದಿದ್ದೆ. ಇವತ್ತಲ್ಲ ನಾಳೆ ಒಡೆಯೂಕೆ ನನ್ನನ್ನೇ ಕರೀತ್ರಿ ಅಂತ ಗೊತ್ತಿತ್ತು. ಗಟ್ಟಿ ಕಟ್ಟಿದ್ರೆ ಒಡೆಯೂಕೆ ನಂಗೇ ತ್ರಾಸು.”

ಕೊನೆಯ ಕಲ್ಲು ತೆಗೆದು, ಒಳಗಿನಿಂದ ಕೈ ಹಾಕಿ, ಸಾಗವಾನಿಯ ಬಾಗಿಲನ್ನು ಹೊರಕ್ಕೆ ತಳ್ಳಿದ. ಅಷ್ಟು ಹೊತ್ತು ಒಳಗೆ ಕಟ್ಟಿಹಾಕಿದ್ದ ಹೊಗೆ, ಬಿಟ್ಟ ಹೋರಿಯ ಹಾಗೆ, ಛಜ್ಜದ ಕೆಳಗಿಂದ ಚಪ್ಪರದೊಳಕ್ಕೆ ನುಗ್ಗಿತು. ಪಂಕ್ತಿಗೆ ಪಂಕ್ತಿಯೇ ಕೆಮ್ಮಿತು. ನಕಾಶೆ ಸಾಹೇಬರು ತಮ್ಮ ಕಿಟಕಿ ಮಸಿಯಾಯಿತೆಂದು ಎದ್ದು ನಿಂತು ಮರಾಠಿಯಲ್ಲಿ ಗೋಳಾಡಿದರು. ಮಾಮಲೇದಾರರು ಕಣ್ಣಿಗೆ ಶಲ್ಯ ಒತ್ತಿಕೊಂಡು, “ಎಂತ ಹೊಗೆ ಮಾರಾಯ್ರೆ! ಇದ್ರೊಳಗೆ ಮನುಷ್ಯರು ಇರ್ತ್ರಾ?” ಎಂದರು.

ಹೊನ್ನಮ್ಮ ಅನ್ನದ ಚರಿಗೆ ಎತ್ತಿಕೊಂಡು ಹೋಗಿ, ಒಂದೊಂದು ಎಲೆಗೂ ತನ್ನ ಕೈಯಿಂದ ಬಡಿಸಿ, ಒಳಗೆ ಬಂದು ಕಿಟಕಿಯ ಮುಂದೆ ನಿಂತಳು. ಗಾಳಿ ಬರುತ್ತಿತ್ತು. ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು.

ಮೂಲೆಯಲ್ಲಿ ತಿಮ್ಮಕ್ಕ ಗಾಳಿ ಬಂದ ಕಡೆಗೆ ಮುಖ ತಿರುಗಿಸಿದಳು. ಮಣೆಯನ್ನು ಅತ್ತ ಕೊಂಚ ಎಳೆದುಕೊಂಡಳು.

“ಕಿಡಕಿ ಆತನೇ?” ಎಂದಳು ಮೆಲ್ಲಗೆ.

“ಆತು ಅತ್ತೆ.”

“ಎಂತೆಂತ ಕಾಣ್ತದೆ?”

“ರಸ್ತೆ ಕಾಣ್ತದೆ. ಗಂಗಿ ಬುಟ್ಟಿ ಇಳಿಸ್ಕಂಡು ನಿಂತಿದೆ, ನಗ್ತಾ ಅದೆ. ನಿಮ್ಮ ಮಗ ಬಡಿಸೂಕೆ ಓಡಾಡ್ತಾ ಇದ್ದಾರೆ.” ಹೊನ್ನಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. “ಕಣ್ಣು ಒರೆಸ್ಕಂತಾ ಇದ್ದಾರೆ.”

“ಯಾಕೆ?”

“ಹೊಗೆ.”

ತಿಮ್ಮಕ್ಕ ತನ್ನ ಬತ್ತಿದ ಕಣ್ಣುಗಳನ್ನು ಅಂಗೈಯಿಂದ ಒಮ್ಮೆ ಸವರಿಕೊಂಡಳು.

“ಒರೆಸ್ಕಳ್ಲಿ,” ಎಂದಳು. “ಕಿಡಕಿ ಬಾಗ್ಲು ಹಾಕಬೇಡ.”