ಆರನೆಯ ದಿಮ್ಮಿ

ಮರದ ಮನೆಯನ್ನು ಸುಮ್ಮಸುಮ್ಮನೆ ಯಾರೂ ನೋಡುವುದಿಲ್ಲ ಎಂಬುದು ಅಪೊಲೊನಿಯಳ ಗಟ್ಟಿ ಅಭಿಪ್ರಾಯ. ಒಬ್ಬನಿಗೆ ಜಾಗ ಬೇಕಿರುತ್ತದೆ, ಇನ್ನೊಬ್ಬ ಕಿಟಕಿಯ ಕೆತ್ತನೆಯನ್ನೇ ಕಿತ್ತುಕೊಂಡು ಹೋಗಿ ಮಾರುತ್ತಾನೆ. ಎಪ್ಪತ್ತೈದು ವರ್ಷ ವಾರ್ನುಪೆ ಊರಿನಲ್ಲೇ ಬಾಳಿದವಳು, ಎಲ್ಲ ಬಗೆಯವರನ್ನೂ ಕಂಡಿದ್ದಳು.

ಹಾಗಾಗಿ ಆ ಮಂಗಳವಾರ ಬೂದು ಕೋಟಿನ ಗಂಡಸೊಬ್ಬ ಹೊಳೆಬೀದಿಯ ಹಳೇ ಮನೆಗಳನ್ನು ಒಂದೊಂದಾಗಿ ನೋಡುತ್ತ ಬಂದಾಗ, ತಂಪುಸಾರಿಗೆ ಹೆಚ್ಚುತ್ತಿದ್ದ ಬೀಟ್‌ರೂಟನ್ನು ಅಲ್ಲೇ ಬಿಟ್ಟು ಬೇಲಿಯ ಹತ್ತಿರ ಬಂದಳು. ನೋಡುವವರು ಸಾಮಾನ್ಯವಾಗಿ ಮುಂಬಾಗಿಲು ನೋಡುತ್ತಾರೆ. ಇವನು ಮೂಲೆ ನೋಡುತ್ತಿದ್ದ. ದಿಮ್ಮಿಗಳು ಒಂದಕ್ಕೊಂದು ಕೂಡುವ ಕಡೆ ಬಗ್ಗಿ, ಬೆರಳಾಡಿಸಿ, ಕೈಯಲ್ಲಿದ್ದ ಚೀಟಿ ನೋಡಿ, ಮುಂದಿನ ಮನೆಗೆ ಹೋಗುತ್ತಿದ್ದ.

ಪಕ್ಕದ ಮನೆಯ ಲೆಯೊಕಾದಿಯ ಆಗಲೇ ಬೇಲಿಗೆ ಅಂಟಿಕೊಂಡಿದ್ದಳು. "ಕಂಡ್ಯೇನೇ ಅಪೊಲೊನಿಯ? ಸೇತುವೆ ಹತ್ರದ ಮನೆ ಸುಟ್ಟುಹೋಯ್ತಲ್ಲ, ಅದಕ್ಕೆ ಮುಂಚೆ ಹೀಗೇ ಒಬ್ಬ ಸುತ್ತಾಡಿದ್ನಂತೆ. ಈಗ ಅಲ್ಲಿ ಮೂರಂತಸ್ತು ಎದ್ದಿದೆ."

"ನಿನ್ನ ಮನೆ ಸುಡೋಕೆ ಯಾರೂ ಬರಲ್ಲ ಬಿಡೆ. ಅದು ತಾನಾಗೇ ಬೀಳುತ್ತೆ."

"ನಿಂದು ಮಹಾ! ಮೇಲೆ ಪ್ಲಾಸ್ಟಿಕ್ ಹಲಗೆ ಹೊದ್ಕೊಂಡು ಮದುವಣಗಿತ್ತಿ ಹಾಗೆ ನಿಂತಿದೆ. ಒಳಗೆ ಎಷ್ಟು ಹುಳ ಹಿಡಿದಿದೆಯೋ ಯಾರಿಗೆ ಗೊತ್ತು?"

ಆ ಹಲಗೆಯ ದೆಸೆಯಿಂದಲೇ ಇರಬೇಕು, ಅವನು ಅಪೊಲೊನಿಯಳ ಮನೆಯತ್ತ ಕಣ್ಣೂ ಹಾಕದೆ ದಾಟಿಹೋದ. ಅವಳಿಗೆ ಹೋದ ಜೀವ ಬಂದಂತಾಯಿತು. ಮರುಗಳಿಗೆಯಲ್ಲೇ, ತನಗೇಕೆ ಹಾಗಾಗಬೇಕು ಎಂದು ಕಸಿವಿಸಿಯೂ ಆಯಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಅವಳೇನೂ ಕದ್ದವಳಲ್ಲ. ಆದರೆ ಎಂಟು ವರ್ಷದವಳಿದ್ದಾಗ ಒಂದು ದಿನ ಮನೆಯ ಉಗ್ರಾಣದ ಗೋಡೆಯ ಮುಂದೆ ನಿಂತು, ದಿಮ್ಮಿಗಳ ಮೇಲಿನ ಕೊಡಲಿ ಕಚ್ಚುಗಳನ್ನು ಎಣಿಸಿದ್ದಳು. ಒಂದರಲ್ಲಿ ಐದು ಕಚ್ಚು. ಒಂದು ಬಿಟ್ಟು ಅದರ ಮೇಲಿನದರಲ್ಲಿ ಏಳು. ನಡುವೆ ಬಿಳಿಚಿಕೊಂಡ ಹೊಸ ದಿಮ್ಮಿ, ಅದರಲ್ಲಿ ಏನೂ ಇಲ್ಲ. "ಅಪ್ಪಾ, ಆರು ಎಲ್ಲಿ?" ಅಂದಿದ್ದಳು. ಯಾವತ್ತೂ ಕೈಯೆತ್ತದ ಅಪ್ಪ ಅಂದು ಕೆನ್ನೆಗೆ ಬಾರಿಸಿದ. ಸಂಜೆಯೊಳಗೆ ಆ ಗೋಡೆಗೆ ಹಲಗೆ ಹೊಡೆದಾಗಿತ್ತು. ಮನೆಗೆ ಮರ ಎಲ್ಲಿಂದ ಬಂತು ಅಂದರೆ ಅವನದು ಒಂದೇ ಉತ್ತರ, ಕಾಡಿನಿಂದ. ಕಾಡಿನ ಮರ ನಂಬರು ಹಾಕಿಸಿಕೊಂಡು ಬರುವುದಿಲ್ಲ ಎಂದು ತಿಳಿಯುವಷ್ಟು ದೊಡ್ಡವಳಾದ ಮೇಲೆ ಅವಳು ಕೇಳುವುದನ್ನೇ ಬಿಟ್ಟಳು.

ಅವಳು ಮಫ್ಲರ್ ಸುತ್ತಿಕೊಂಡು ಬೂದು ಕೋಟಿನವನ ಹಿಂದೆಯೇ ಹೊರಟಳು. ಅವನು ನೇರ ಮರದ ಚರ್ಚಿಗೇ ಹೋಗಿ ಬಾಗಿಲಲ್ಲಿ ನಿಂತಿದ್ದ.

"ಅಮ್ಮಾ, ಬೀಗದ ಕೈ ನಿಮ್ಮ ಹತ್ರ ಇರುತ್ತಂತೆ?"

"ಯಾರು ಹೇಳಿದ್ದು?"

"ಅಂಗಡಿಯಾಕೆ."

"ಮೊದಲು ಅವಳ ಬಾಯಿಗೆ ಬೀಗ ಹಾಕ್ಬೇಕು," ಅಂದರೂ ಅಪೊಲೊನಿಯ ಬಾಗಿಲು ತೆರೆದಳು. ಕಳ್ಳನಾದರೆ ಕಣ್ಣೆದುರೇ ಇರಲಿ ಎಂಬ ಲೆಕ್ಕಾಚಾರ ಅವಳದು. ಪಕ್ಕದೂರಿನ ಗುಡಿಯಿಂದ ಸಂತನೊಬ್ಬನ ಮರದ ಮೂರ್ತಿ ಮಾಯವಾಗಿ ಇನ್ನೂ ವರ್ಷವಾಗಿರಲಿಲ್ಲ. ಅವನು ಮೂಲೆ ಮೂಲೆ ತಡಕುವಷ್ಟು ಹೊತ್ತೂ ಅವಳು ಅವನ ಕೈಗಳನ್ನೇ ನೋಡುತ್ತ ಕೂತಳು.

ಕೊನೆಗೆ ಅವನು ಸೋತು ಬಂದು ಪಕ್ಕದಲ್ಲಿ ಕೂತ. ಹೆಸರು ಗಿಂತೌತಾಸ್ ಅಂದ. ಚೀಟಿ ತೋರಿಸಿದ. ಅದರ ತುಂಬ ಕೊಡಲಿ ಕಚ್ಚುಗಳನ್ನು ಸಾಲು ಸಾಲಾಗಿ ಬರೆದಿತ್ತು.

"ಯುದ್ಧಕ್ಕೆ ಮುಂಚೆ ಸರ್ಕಾರ ಹಳ್ಳಿ ಒಡೆದಾಗ ಎಲ್ಲರೂ ಮನೆ ಬಿಚ್ಚಿ ಅವರವರ ಹೊಲಕ್ಕೆ ಸಾಗಿಸಿದ್ರಲ್ಲ, ಆಗ ನಮ್ಮ ತಾತ ಹಾಕಿದ ಗುರುತು ಇವು. ಬಿಚ್ಚಿದ ಮನೇನ ಮತ್ತೆ ಜೋಡಿಸ್ಬೇಕಲ್ಲ. ನಲವತ್ತೊಂಬತ್ತರಲ್ಲಿ ಸೈನಿಕರು ಬಂದು ನಮ್ಮ ಮನೆಯವರನ್ನೆಲ್ಲ ಸೈಬೀರಿಯಾಕ್ಕೆ ಗಡೀಪಾರು ಮಾಡಿ ರೈಲಲ್ಲಿ ತುಂಬಿಕೊಂಡು ಹೋದ್ರು. ಐವತ್ತಾರರಲ್ಲಿ ವಾಪಸ್ ಬಂದ್ರೆ ಅಡಿಪಾಯದ ಕಲ್ಲು ಮಾತ್ರ ಇತ್ತು. ಮನೇನ ಯಾರೋ ಬಿಚ್ಕೊಂಡು ಹೋಗಿದ್ರು."

"ಈಗ ಅದು ವಾಪಸ್ ಬೇಕಾ?"

"ಬೇಡಮ್ಮ. ನಮ್ಮಮ್ಮನಿಗೆ ಎಂಬತ್ತಾಯ್ತು. ಅವಳು ಹುಟ್ಟಿದ ದಿನ ತಾತ ಆರನೇ ದಿಮ್ಮಿ ಮೇಲೆ ಒಂದು ಸಣ್ಣ ಶಿಲುಬೆ ಕೊರೆದಿದ್ರಂತೆ. ಸಾಯೋಕೆ ಮುಂಚೆ ಅದನ್ನ ಒಂದ್ಸಲ ಮುಟ್ಟಬೇಕು ಅಂತಾಳೆ. ಅಷ್ಟೆ."

ಅಷ್ಟೆಯಂತೆ! ಇವತ್ತು ಮುಟ್ಟಲು ಬಂದವರು ನಾಳೆ ವಕೀಲನನ್ನು ಕರೆತರುತ್ತಾರೆ. ಈ ವಯಸ್ಸಿನಲ್ಲಿ ಮನೆ ಬಿಟ್ಟು ಅವಳು ಎಲ್ಲಿಗೆ ಹೋಗಬೇಕು? "ನಮ್ಮೂರಲ್ಲಿ ಅಂಥದ್ದು ಯಾವುದೂ ಇಲ್ಲಪ್ಪ," ಅಂದಳು. ಚರ್ಚಿನೊಳಗೆ ಕೂತು ಸುಳ್ಳು ಹೇಳಿದ್ದಕ್ಕೆ ಮರೆಯಲ್ಲಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

ಅವನು ನಂಬಿದ. ಹೊರಡುವ ಮುಂಚೆ ಪ್ರಾರ್ಥನೆಗೆಂದು ಪಾಪನಿವೇದನೆಯ ಗೂಡಿನ ಪಕ್ಕದಲ್ಲಿ ಮಂಡಿಯೂರಿದ. ಅಲ್ಲಿದ್ದ ಮಂಡಿಪೀಠ ಒಂದು ಸೀಳು ದಿಮ್ಮಿ, ಊರಿನವರ ಮೊಣಕಾಲು ತಗುಲಿ ತಗುಲಿ ನುಣುಪಾದದ್ದು. ಏಳಲು ಅದರ ಅಂಚು ಹಿಡಿದವನ ಬೆರಳು ಕೆಳಮೈಯಲ್ಲಿ ಎಲ್ಲೋ ನಿಂತುಬಿಟ್ಟಿತು. ಅವನು ಅದನ್ನು ಪಕ್ಕಕ್ಕೆ ಮಗುಚಿದ.

ಆರು ಕಚ್ಚು. ಪಕ್ಕದಲ್ಲಿ ಬೆರಳುದ್ದದ ಶಿಲುಬೆ.

ಅಪೊಲೊನಿಯಳಿಗೆ ಎಲ್ಲ ಒಟ್ಟಿಗೇ ನೆನಪಾಯಿತು. ಸೈಬೀರಿಯಾದಿಂದ ಜನ ಮರಳತೊಡಗಿದ ವರ್ಷ ಅಪ್ಪ ಈ ದಿಮ್ಮಿಯನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಎಂಥ ದೈವಭಕ್ತ ಎಂದು ಪಾದ್ರಿಗಳು ಹೊಗಳಿದ್ದರು. ಶಿಲುಬೆ ಕೊರೆದ ಮರವನ್ನು ಇಲ್ಲಿ ಯಾರೂ ಒಲೆಗೆ ಹಾಕುವುದಿಲ್ಲ. ದಾರಿಬದಿಯ ಶಿಲುಬೆ ಮುರಿದು ಬಿದ್ದರೂ ಅದು ತಾನಾಗಿ ಮಣ್ಣಾಗಲಿ ಎಂದು ಬಿಡುತ್ತಾರೆ. ಅಪ್ಪನಿಗೆ ಸುಡಲು ಧೈರ್ಯವಿರಲಿಲ್ಲ, ಮನೆಯಲ್ಲಿ ಇಟ್ಟುಕೊಳ್ಳಲು ಮೊದಲೇ ಇರಲಿಲ್ಲ. ಶಿಲುಬೆಯನ್ನು ಕೆಳಗೆ ಮಾಡಿ ಇಟ್ಟು, ಸಾಯುವತನಕ ಅದರ ಮೇಲೆಯೇ ಮಂಡಿಯೂರಿದ. ಏನು ನಿವೇದಿಸಿದನೋ, ಏನು ನುಂಗಿಕೊಂಡನೋ. ಅವಳಿಗೆ ಅಪ್ಪನ ಮೇಲೆ ವಿಪರೀತ ಸಿಟ್ಟು ಬಂತು. ಅಷ್ಟೇ ಮರುಕವೂ ಆಯಿತು.

"ಇದನ್ನ ಯಾರು ಕೊಟ್ಟಿದ್ದು ಅಮ್ಮಾ?"

ಯಾರೋ ಹಳಬರು ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಅವಳತ್ತ ನೋಡುತ್ತಲೂ ಇರಲಿಲ್ಲ. ನೆಲದ ಮೇಲೆ ಕೂತು ಶಿಲುಬೆಯ ಮೇಲೆ ಅಂಗೈ ಇಟ್ಟಿದ್ದ.

"ನಮ್ಮಪ್ಪ," ಅಂದಳು ಅಪೊಲೊನಿಯ. "ಐದು ನಮ್ಮ ಮನೇಲಿದೆ. ಏಳೂ ಅಲ್ಲೇ ಇದೆ."

ಅವನು ತಲೆಯೆತ್ತಿದ. ಅವಳು ಬೀಗದ ಕೈ ಹಿಡಿದು ಎದ್ದಳು.

"ನಿಮ್ಮಮ್ಮನ್ನ ಕರ್ಕೊಂಡು ಬಾರಪ್ಪ. ಉಗ್ರಾಣದ ಹಲಗೆ ನಾನೇ ಕಿತ್ತಿಟ್ಟಿರ್ತೀನಿ. ಆದ್ರೆ ಅವಳೊಬ್ಬಳನ್ನೇ ಕರ್ಕೊಂಡು ಬಾ, ವಕೀಲನ್ನ ಮಾತ್ರ ಬೇಡ."