ಮರೆಪ್ಪನ ಸಾಕ್ಷಿ

ಯೇಸುವಿನ ಹೆಸರೆತ್ತುವ ಮೊದಲು ಮರೆಪ್ಪ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಮೇ ತಿಂಗಳಲ್ಲಿ ಮುಂಬಯಿಯ ಭಾಂಡುಪಿನ ಬೆವರಿನಲ್ಲೂ, ಚಹಾದಂಗಡಿಯ ಒಲೆಯ ಪಕ್ಕದಲ್ಲೂ, ಸ್ಲೋ ಲೋಕಲ್ ರೈಲಿನ ಬಾಗಿಲಲ್ಲಿ ಎರಡು ಕಂಕುಳುಗಳ ನಡುವೆ ಸಿಕ್ಕಿಕೊಂಡು ನಿಂತಿದ್ದಾಗಲೂ ಈ ಕ್ರಮಕ್ಕೆ ಲೋಪ ಬರುತ್ತಿರಲಿಲ್ಲ. ಅವನಿಗಿಂತ ಗಿಡ್ಡನೂ ದಪ್ಪನೂ ಆದ ಯಾರಿಗೋ ಹೊಲಿಸಿದ ಕಂದು ಉಣ್ಣೆಯ ಕೋಟು ಅದು. ಮೂರು ಗುಂಡಿಗಳನ್ನು ಮೇಲಿನಿಂದ ಕೆಳಕ್ಕೆ, ಸಂಧ್ಯಾವಂದನೆಗೆ ಕೂತವನ ನಿಧಾನದಲ್ಲಿ ಹಾಕಿಕೊಂಡು, ಗಂಟಲು ಸರಿಪಡಿಸಿಕೊಂಡು, ಎದುರಿಗಿದ್ದವನ ಕಣ್ಣನ್ನೇ ನೋಡುತ್ತ ಆರಂಭಿಸುತ್ತಿದ್ದ. ಈ ಸೆಕೆಯಲ್ಲಿ ಇದೇಕೆಂದು ಒಮ್ಮೆ ಕೇಳಿದ್ದಕ್ಕೆ, “ದೊಡ್ಡವರ ಸುದ್ದಿ ಹೇಳಾಕ ನಿಂತೀನ್ರಿ ಸರ್. ಎದಿ ತೆರಕೊಂಡು ಹೆಂಗ ಹೇಳ್ಲಿ?” ಎಂದಿದ್ದ.

ಅವನು ಪೇಂಟರ್. ರಾಯಚೂರಿನ ಕಡೆಯವನು, ಮುಂಬಯಿಗೆ ಬಂದು ಇಪ್ಪತ್ತೈದು ವರ್ಷವಾಗಿತ್ತು. ಕಳೆದ ವರ್ಷ ನಮ್ಮ ಮನೆಗೆ ಸುಣ್ಣಬಣ್ಣಕ್ಕೆಂದು ಬಂದಾಗಲೇ ನನಗೆ ಅವನ ಪರಿಚಯ. ಬಲಗಾಲನ್ನು ಸ್ವಲ್ಪ ಹೊರಕ್ಕೆ ಎಸೆದು ನಡೆಯುತ್ತಿದ್ದ, ನೆಲದ ಮೇಲೂ ಏಣಿಯನ್ನೇ ಹುಡುಕುತ್ತಿರುವವನಂತೆ. ಪ್ರತಿ ವಾಕ್ಯದ ಕೊನೆಗೆ “ಹೌದಿಲ್ಲರಿ?” ಎನ್ನುತ್ತಿದ್ದ, ಉತ್ತರವನ್ನೇನೂ ಅವನು ನಿರೀಕ್ಷಿಸುತ್ತಿರಲಿಲ್ಲ. ಬಣ್ಣಕ್ಕೆ ಮೊದಲು ಗೋಡೆಗೆ ಪುಟ್ಟಿ ಬಳಿದು ತಿಕ್ಕುವಾಗ ಅವನ ಮೌನ ಗಾಢವಾದದ್ದು. ಚಹಾ ಬಂತೆಂದರೆ ಮಾತ್ರ ಏಣಿ ಇಳಿದು, ಕೈ ತೊಳೆದು, ಕಿಟಕಿಯ ಸರಳಿಗೆ ನೇತುಹಾಕಿದ್ದ ಕೋಟನ್ನು ತೊಡುತ್ತಿದ್ದ. ಆಮೇಲೆ ನಾನು ಕೇಳಲೇಬೇಕು.

ನನಗೆ ಧರ್ಮದ ವಿಷಯದಲ್ಲಿ ಉತ್ಸಾಹವಿಲ್ಲ, ನನ್ನದರಲ್ಲೂ ಇಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವನಿಗೆ ಇನ್ನೊಬ್ಬನ ಪಾಠ ಕೇಳುವ ತಾಳ್ಮೆಯೂ ಕಡಿಮೆ. ಆದರೂ ಮರೆಪ್ಪನ ಮಾತು ಕೇಳಿಸಿಕೊಳ್ಳುವಂತಿತ್ತು, ಏಕೆಂದರೆ ಅವನು ಉಪದೇಶ ಮಾಡುತ್ತಿರಲಿಲ್ಲ, ಕತೆ ಹೇಳುತ್ತಿದ್ದ, ಅದೂ ತನ್ನದೇ ಕತೆ. ಅವರ ಕ್ರೈಸ್ತ ಸಭೆಯಲ್ಲಿ ಇದಕ್ಕೆ ಸಾಕ್ಷಿ ಹೇಳುವುದು ಎನ್ನುತ್ತಾರಂತೆ. ಹನ್ನೊಂದು ವರ್ಷದ ಹಿಂದೆ, ಆಂಟಾಪ್ ಹಿಲ್‌ನ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ, ಕುಡಿದು ಬಂದು ಹೆಂಡತಿಯ ಬಲಗೈ ಮುರಿದದ್ದು. ಮರುವಾರ ನೆರೆಯವಳೊಬ್ಬಳು ವಡಾಲದ ಪ್ರಾರ್ಥನೆಗೆ ಕರೆದೊಯ್ದದ್ದು. ಅಲ್ಲಿ ನೆಲಕ್ಕೆ ಬಿದ್ದು ಅತ್ತದ್ದು. ಅಂದಿನಿಂದ ಹೆಂಡ ಮುಟ್ಟದೇ ಇದ್ದದ್ದು. ಕೈ ಮುರಿಯುವ ಜಾಗ ಬಂದಾಗ ಅವನ ದನಿ ತಾನಾಗಿ ತಗ್ಗುತ್ತಿತ್ತು, ಕೇಳುವವರು ಮುಂದಕ್ಕೆ ಬಾಗುತ್ತಿದ್ದರು. ಸಾವಿರ ಸಲ ಹೇಳಿ ನಯವಾದ ಕತೆ. ಲೋಕಲಿನಲ್ಲಿ ಒಬ್ಬ ಗುಜರಾತಿ ಮುದುಕ ಇದನ್ನು ಕೇಳಿ ಅತ್ತು, ತನ್ನ ಸ್ಟೇಷನ್ ದಾಟಿ ಥಾಣೆಯವರೆಗೂ ಹೋಗಿಬಿಟ್ಟನೆಂದು ಮರೆಪ್ಪ ಹೆಮ್ಮೆಯಿಂದ ಹೇಳುತ್ತಿದ್ದ.

ಕೆಲಸದ ಒಂಬತ್ತನೆಯ ದಿನ ನೆಲಕ್ಕೆ ಬಿದ್ದ ಬಣ್ಣ ತಿಕ್ಕಿ ತೆಗೆಯಲು ಅವನ ಹೆಂಡತಿ ಲಕ್ಷ್ಮವ್ವ ಬಂದಳು. ಸಣಕಲು ಹೆಂಗಸು, ಹಣೆಯ ತುಂಬ ಕುಂಕುಮ. ಗಂಡನ ಸಭೆಗೆ ಅವಳು ಒಮ್ಮೆಯೂ ಹೋದವಳಲ್ಲ. ಮಂಗಳವಾರ, ಶುಕ್ರವಾರ ಎಲ್ಲಮ್ಮನ ಪೂಜೆ ತಪ್ಪಿಸಿದವಳಲ್ಲ. ಅಂದು ನನ್ನ ಹೆಂಡತಿ ಹರಿಣಿ ಎಲ್ಲರಿಗೂ ಚಹಾ ತಂದಳು. ಮರೆಪ್ಪ ಕೋಟು ತೊಟ್ಟ, ಗುಂಡಿ ಹಾಕಿಕೊಂಡ. ಹರಿಣಿ ಆವರೆಗೆ ಕತೆ ಕೇಳಿರಲಿಲ್ಲ.

“ಈಕಿ ಕೈ ಮುರದಾವ ನಾನ ಅಕ್ಕಾರ. ಇದೇ ಬಲಗೈ. ಅಂಥಾ ಪಾಪೀನ್ನ ಯೇಸುಸ್ವಾಮಿ ಎತ್ತಿಕೊಂಡ, ಹೌದಿಲ್ಲರಿ?”

ಹರಿಣಿಯ ಕಣ್ಣು ಅವಳಿಗೇ ಗೊತ್ತಿಲ್ಲದೆ ಲಕ್ಷ್ಮವ್ವನ ಮಣಿಕಟ್ಟಿನ ಮೇಲೆ ಹೋಯಿತು. ಅದು ಸೊಟ್ಟಗಿತ್ತು. ಲಕ್ಷ್ಮವ್ವ ಸೆರಗನ್ನು ಕೈಮೇಲೆ ಎಳೆದುಕೊಂಡು, ಚಹಾದ ಲೋಟ ಕೆಳಗಿಟ್ಟು, ದನಿ ಎತ್ತರಿಸದೆ ಹೇಳಿದಳು:

“ಲೋಕಲ್‌ನ್ಯಾಗ ಹೇಳ್ದಿ, ಚಾದಂಗಡ್ಯಾಗ ಹೇಳ್ದಿ, ಸಭಾದಾಗ ಹೇಳ್ದಿ. ಹೋದಲ್ಲೆಲ್ಲಾ ಮಂದಿ ನನ್ನ ಕೈ ನೋಡ್ತಾರ. ಮುರಿಸ್ಕೊಂಡಾಕಿ ನಾನು. ನನಗ ಒಂದಿನಾರ ತಪ್ಪಾತು ಅಂದೀಯೇನು?”

“ದೇವರ ಹತ್ರ ಕೇಳ್ಕೊಂಡೀನಲ್ಲ,” ಎಂದ ಮರೆಪ್ಪ.

“ದೇವರ ಕೈ ಮುರದಿದ್ದೇನು?”

ಅವಳು ಬಕೆಟ್ ಎತ್ತಿಕೊಂಡು ಒಳಗಿನ ಕೋಣೆಗೆ ಹೋದಳು. ಚಿಂದಿಯಿಂದ ನೆಲ ತಿಕ್ಕುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಮರೆಪ್ಪ ಕೋಟು ಬಿಚ್ಚಿ ಏಣಿ ಹತ್ತಿದ. ಉಳಿದ ಎರಡು ದಿನ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿದನಾದರೂ ನಮ್ಮ ಮನೆಯಲ್ಲಿ ಅವನ ಬಾಯಿಂದ ಬಂದದ್ದು ಬ್ರಶ್ಶು, ನೀರು, ಬರ್ತೀನ್ರಿ ಎಂಬ ಮಾತುಗಳು ಮಾತ್ರ.

ಮೂರು ತಿಂಗಳ ನಂತರ ಭಾಂಡುಪ್ ಸ್ಟೇಷನ್ನಿನ ಬೆಂಚಿನ ಮೇಲೆ ಸಿಕ್ಕಿದಾಗ ಮುಂದಿನದನ್ನು ಅವನೇ ಹೇಳಿದ. ಅಪರಿಚಿತರ ಮುಂದೆ ಹನ್ನೊಂದು ವರ್ಷ ಸರಾಗವಾಗಿ ಹರಿದ ನಾಲಿಗೆ ತನ್ನ ಖೋಲಿಯೊಳಗೆ ಎಂಟು ದಿನ ಏಳಲಿಲ್ಲವಂತೆ. ಒಂಬತ್ತನೆಯ ದಿನ ಭಾನುವಾರ. ಅವಳು ರೊಟ್ಟಿ ಬಡಿಯುತ್ತಿದ್ದಳು. ಮಣಿಕಟ್ಟು ಪೂರ್ತಿ ತಿರುಗದ ಕಾರಣ ಎಡಗೈಯಲ್ಲಿ ಬಡಿಯುವುದನ್ನು ಕಲಿತಿದ್ದಾಳೆಂಬುದು ಅವನ ಗಮನಕ್ಕೆ ಬಂದದ್ದು ಆಗಲೇ. ಒಲೆಯ ಮುಂದೆ ಕೂತು, “ತಪ್ಪಾತು ಲಕ್ಷ್ಮೀ” ಎಂದನಂತೆ. ಅವಳು ತಿರುಗಿ ನೋಡಲಿಲ್ಲ. “ಕೇಳ್ದಿ. ಕೇಳಿಸ್ಕೊಂಡೆ. ರೊಟ್ಟಿ ಆರತೈತಿ, ತಿನ್ನು” ಎಂದಳಂತೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮಾತು: “ನಿನ್ನ ಯೇಸುನ್ನ ಯಾರಿಗೆ ಬೇಕಾರ ಹೇಳು. ನನ್ನ ಕೈ ಬಿಟ್ಟು ಹೇಳು.”

ಅಲ್ಲಿಗೆ ಮರೆಪ್ಪನ ಬಳಿಯಿದ್ದ ಒಂದೇ ಒಂದು ಕತೆ ಕೈತಪ್ಪಿತು. ಅವರ ಸಭೆಯ ವಾರ್ಷಿಕ ಕೂಟದಲ್ಲಿ ಹೊರಗಿನಿಂದ ಬಂದ ಅತಿಥಿಗಳ ಮುಂದೆ ಸಾಕ್ಷಿ ಹೇಳಲು ಪಾಸ್ಟರು ಅವನನ್ನೇ ಕರೆದರು. ಎದ್ದು ನಿಂತು, ಬೆವರೊರೆಸಿಕೊಂಡು ಹೇಳಿದನಂತೆ: “ನಾ ಇಷ್ಟ್ ದಿನ ಹೇಳಿದ್ದು ನನ್ನದಲ್ರಿ, ನನ್ನ ಹೇಣ್ತೀದು. ಆಕಿ ಹೇಳಬ್ಯಾಡ ಅಂದಾಳ. ನಾ ಕೆಟ್ಟಾವ ಇದ್ದೆ. ಕ್ಷಮೆ ಕೇಳೋದು ಕಲಿಯಾಕತ್ತೀನಿ. ಅದನ್ನ ಕಲಿಸ್ತಿರಾವ ಯೇಸು. ಇಷ್ಟ.” ಕೂತುಬಿಟ್ಟ. ಯಾರೂ ಮುಂದಕ್ಕೆ ಬಾಗಲಿಲ್ಲ, ಯಾರೂ ಅಳಲಿಲ್ಲ. ಪಾಸ್ಟರಿಗೆ ಇರುಸುಮುರುಸಾಯಿತು. ಈಗಲೂ ಲೋಕಲಿನಲ್ಲಿ ಅವನು ಹೇಳುತ್ತಾನೆ, ಆದರೆ ತಡವರಿಸುತ್ತಾನೆ. ಮಾತು ಎರಡು ಸ್ಟೇಷನ್ನಿನ ನಡುವೆ ಮುಗಿದುಹೋಗುತ್ತದೆ. ಜನ ಮೊಬೈಲಿಗೆ ಮರಳುತ್ತಾರೆ.

ಇದನ್ನು ಬರೆಯುವ ಮೊದಲು ನಾನು ಲಕ್ಷ್ಮವ್ವನನ್ನು ಕೇಳಲೇಬೇಕಾಯಿತು. ಅವರ ಖೋಲಿಯ ಹೊಸ್ತಿಲಲ್ಲಿ ನಿಂತು ವಿಷಯ ತಿಳಿಸಿದೆ. ಅವಳು ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡಳು. ಗಂಡನನ್ನು ಕ್ಷಮಿಸಿದೆಯೇನಮ್ಮಾ ಎಂಬ ಅಧಿಕಪ್ರಸಂಗದ ಪ್ರಶ್ನೆಗೆ, “ಅದು ನನಗೂ ಅವಗೂ ಇದ್ದದ್ದು. ನಿಮಗ್ಯಾಕ್ರಿ?” ಎಂದಳು. ಆಮೇಲೆ, “ಬರೀರಿ. ಆದ್ರ ಮುರದದ್ದ ಬರದ್ರ, ತಪ್ಪಾತು ಅಂತ ಕೇಳಿದ್ದನ್ನೂ ಬರೀಬೇಕು ನೋಡ್ರಿ” ಎಂದಳು.

ನಂಬಿಕೆಯನ್ನು ಹಂಚಲು ಹೊರಟವರನ್ನು ಈ ನಗರದಲ್ಲಿ ಬಹಳ ಕಂಡಿದ್ದೇನೆ. ಹೆದರಿಸುವವರಿದ್ದಾರೆ, ಆಸೆ ತೋರಿಸುವವರಿದ್ದಾರೆ, ಸುಮ್ಮನೆ ಪ್ರಚಾರದ ಚೀಟಿ ಕೊಟ್ಟು ರೈಲಿನ ಮುಂದಿನ ಡಬ್ಬಿಗೆ ಹಾರುವವರಿದ್ದಾರೆ. ಅವರೆಲ್ಲರ ಬಗ್ಗೆ ಬೇಸರಪಡುವುದು ನನ್ನಂಥವರಿಗೆ ಸುಲಭ. ಆದರೆ ಒಳ್ಳೆಯದೊಂದು ತನ್ನಲ್ಲಿದೆಯೆಂದು ಬಾಯಿಬಿಟ್ಟು ಸಾರುವವನು ಒಂದು ಅಪಾಯವನ್ನು ಮೈಮೇಲೆ ಎಳೆದುಕೊಂಡಿರುತ್ತಾನೆ: ಎಲ್ಲಿ ತೋರಿಸು ಎಂದು ಯಾರಾದರೂ, ಬಹುಶಃ ಮನೆಯವರೇ, ಒಂದು ದಿನ ಕೇಳಿಯಾರು. ಹಾಗೆ ಕೇಳಿದಾಗ ಹೆಚ್ಚಿನವರು ದನಿ ಎತ್ತರಿಸುತ್ತಾರೆ. ಎಲ್ಲೋ ಒಬ್ಬ ತಲೆ ತಗ್ಗಿಸಿ ನಿಲ್ಲುತ್ತಾನೆ, ಮತ್ತು ಆಮೇಲೆ ಅವನ ಮಾತನ್ನು ಕೇಳುವವರು ಕಡಿಮೆಯಾಗುತ್ತಾರೆ. ಏನನ್ನೂ ಸಾರದೆ ಸಭ್ಯರಾಗಿ ಬದುಕಿದ ನಮ್ಮನ್ನು ಯಾರೂ ಏನನ್ನೂ ತೋರಿಸೆಂದು ಕೇಳಿಲ್ಲ. ಅದನ್ನೇ ನಾವು ಇಷ್ಟು ವರ್ಷ ಪ್ರಾಮಾಣಿಕತೆ ಎಂದುಕೊಂಡಿದ್ದೇವೆ.